ಸರಳು ಕಟ್ಟಿದ್ದು ಯಾರು

ಚಿಕ್ಕವಳ ಬಲಗೈಯ ಬೆರಳುಗಳು ಹೋದದ್ದು ಒಂದು ಮಂಗಳವಾರ. ದೊಡ್ಡವಳಿಗೆ ಅವಳ ಮೇಲೆ ಹೊಟ್ಟೆಕಿಚ್ಚು ಹತ್ತಿದ್ದು ಮುಂದಿನ ಮಂಗಳವಾರ, ಅವಳು ಆಸ್ಪತ್ರೆಯಿಂದ ಮನೆಗೆ ಬಂದ ದಿನ.

ಕೇಳಿದವರು ಛೀ ಎನ್ನಬಹುದು. ಅನ್ನಲಿ. ಕೈ ಕಳೆದುಕೊಂಡವಳನ್ನು ಕಂಡು ಕರುಬುವವರೂ ಇರುತ್ತಾರೆಯೇ ಎಂದು ಮೂಗು ಮುರಿಯುವವರು ಒಂದೇ ಒಂದು ದಿನ ಆ ಲಾಂಡ್ರಿಯಲ್ಲಿ ರೋಲರ್ ಮುಂದೆ ನಿಂತು ಬರಲಿ. ಆಮೇಲೆ ಮಾತಾಡೋಣ.

ಇಬ್ಬರೂ ಓರಗಿತ್ತಿಯರು. ದೊಡ್ಡವಳು ಹಿರಿಯ ಮಗನ ಹೆಂಡತಿ. ಆ ಹಿರಿಯ ಮಗ ಸತ್ತು ಆರು ವರ್ಷ. ಚಿಕ್ಕವಳು ಕಿರಿಯವನ ಹೆಂಡತಿ. ಕಿರಿಯವನು ಲಾರಿಗೆ ಮೂಟೆ ಹೊರುವವನು. ಕೆಲಸ ಸಿಕ್ಕ ದಿನ ಸಿಕ್ಕಿತು, ಇಲ್ಲದ ದಿನ ಇಲ್ಲ. ಎರಡು ಕೋಣೆಯ ಮನೆ, ಒಬ್ಬ ಅತ್ತೆ. ಒಲೆ ಉರಿಯುತ್ತಿದ್ದದ್ದು ಈ ಇಬ್ಬರು ಹೆಂಗಸರ ಕೂಲಿಯಿಂದ.

ಬುಧವಾರ ಬೆಳಿಗ್ಗೆ ದೊಡ್ಡವಳು ಎದ್ದು ನೋಡಿದರೆ ಮೈದುನ ಹೆಂಡತಿಯ ಹಿಂದೆ ಕೂತು ತಲೆ ಬಾಚುತ್ತಿದ್ದ. ಮೂಟೆ ಹೊತ್ತು ದಡ್ಡುಗಟ್ಟಿದ ಕೈ. ಜಡೆ ಹೆಣೆಯಲು ಬಾರದು. ಮೂರು ಕಾಲು ಮಾಡುವನು, ಒಂದು ಜಾರುವುದು, ಮತ್ತೆ ಮೊದಲಿನಿಂದ ಶುರು.

"ಏನು, ಮೂಟೆ ಕಟ್ಟೋ ಹಗ್ಗ ಹೊಸೀತಿದ್ದೀಯಾ?" ಎಂದು ಚಿಕ್ಕವಳು ನಗುತ್ತಿದ್ದಳು. ಅತ್ತೆ ಪಕ್ಕದಲ್ಲೇ ಬಟ್ಟಲು ಹಿಡಿದು ಕೂತು ಅವಳ ಬಾಯಿಗೆ ತುತ್ತು ಇಡುತ್ತಿದ್ದಳು.

ದೊಡ್ಡವಳು ಬಾಗಿಲಲ್ಲಿ ನಿಂತಿದ್ದಳು. ಅವಳ ತಲೆಯೂ ಕೆದರಿತ್ತು. ಬಲಭುಜದಿಂದ ಮೊಣಕೈವರೆಗೆ ಸುಟ್ಟು, ತೋಳು ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಎಡಗೈಯಲ್ಲಿ ಬಾಚಿಕೊಂಡು ಬಾಚಿಕೊಂಡು ಅರ್ಧ ಕೂದಲು ಸಿಕ್ಕಾಗಿತ್ತು. ಆದರೆ ಅವಳ ಗಾಯ ಬಟ್ಟೆಯ ಒಳಗಿತ್ತು. ಬಟ್ಟೆಯ ಒಳಗಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

"ಏನೇ, ಗರಬಡಿದವಳ ಹಾಗೆ ನಿಂತುಬಿಟ್ಟೆ? ಕೆಲಸಕ್ಕೆ ಹೊತ್ತಾಗಲಿಲ್ವಾ?" ಎಂದಳು ಅತ್ತೆ.

"ನನ್ನ ತೋಳೂ ಸುಟ್ಟಿದೆ ಅತ್ತೆ."

"ಸುಟ್ಟಿದ್ದು ವಾಸಿಯಾಗುತ್ತೆ ಕಣೆ. ಇವಳ ಬೆರಳು ಮತ್ತೆ ಬರುತ್ತಾ?"

ಮಾತು ನಿಜ. ನಿಜವಾಗಿದ್ದದ್ದಕ್ಕೇ ದೊಡ್ಡವಳ ಹೊಟ್ಟೆ ಇನ್ನಷ್ಟು ಉರಿಯಿತು. ಹೋಗುವುದಿದ್ದರೆ ನನ್ನ ಬೆರಳೇ ಹೋಗಬಾರದಿತ್ತೇ ಎಂದುಕೊಂಡಳು. ಹಾಗೆ ಹೋಗಿದ್ದರೂ ಬಾಚುವವರು ಯಾರಿದ್ದರು ಎಂಬುದು ಆಮೇಲೆ ಹೊಳೆಯಿತು. ಕೂದಲನ್ನು ಒಂದು ಚಿಂದಿಯಲ್ಲಿ ಬಿಗಿದು ಕೆಲಸಕ್ಕೆ ಹೊರಟಳು.

ಆ ಲಾಂಡ್ರಿಗೆ ಬರುವುದು ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟುಗಳು. ರಕ್ತ ಮೆತ್ತಿದ್ದು, ವಾಂತಿ ಮೆತ್ತಿದ್ದು, ಹೇಸಿಗೆ ಮೆತ್ತಿದ್ದು. ಒಗೆದ ಶೀಟನ್ನು ಒದ್ದೆಯಾಗಿರುವಾಗಲೇ ಕಾದ ರೋಲರ್‌ಗೆ ಕೊಡಬೇಕು. ಇಬ್ಬರು ಎರಡು ತುದಿ ಹಿಡಿದು ಎಳೆದು ಬಾಯಿಗೆ ಕೊಟ್ಟರೆ ಅದು ನುಂಗಿ ಆ ಕಡೆ ಇಸ್ತ್ರಿ ಮಾಡಿ ಉಗುಳುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರಬೇಕು. ಉಚ್ಚೆಗೆ ಹೋಗಲೂ ಸೂಪರ್‌ವೈಸರ್ ಮುಖ ನೋಡಬೇಕು.

ರೋಲರ್ ಬಾಯಿಗೆ ಅಡ್ಡಲಾಗಿ ಒಂದು ಸರಳು ಇರುತ್ತದೆ. ಕೈ ಅದಕ್ಕೆ ತಾಕಿದರೆ ಮಿಷನ್ ನಿಲ್ಲಬೇಕು. ನಿಲ್ಲುತ್ತಿತ್ತು ಕೂಡ. ಕೈ ತಾಕಿದರೂ ನಿಲ್ಲುತ್ತಿತ್ತು, ಶೀಟಿನ ಮಡಿಕೆ ತಾಕಿದರೂ ನಿಲ್ಲುತ್ತಿತ್ತು. ಹಾಗೆ ನಿಂತು ನಿಂತು ಹೋದರೆ ಶೀಟು ಮುಗಿಯುವುದಿಲ್ಲ. ಅದಕ್ಕೆ ಸೂಪರ್‌ವೈಸರ್ ಮೊದಲ ದಿನವೇ ಎಲ್ಲರಿಗೂ ಪಾಠ ಹೇಳಿಕೊಡುತ್ತಿದ್ದ.

"ಇದನ್ನ ಎತ್ತಿ ಕಟ್ಟಿಬಿಡಿ. ಶೀಟು ಮುಗಿಯದಿದ್ರೆ ನಾಳೆಯಿಂದ ಬರಬೇಡಿ."

ಏಳು ರೋಲರ್, ಏಳು ಸರಳು. ಏಳನ್ನೂ ಹಳೆ ಶೀಟಿನ ಚಿಂದಿಯಲ್ಲಿ ಎತ್ತಿ ಕಟ್ಟಿರುತ್ತಿದ್ದರು. ಎಳೆದರೆ ಬಿಚ್ಚಿಕೊಳ್ಳುವ ಗಂಟು. ಮೇಲಿನವರು ಯಾರಾದರೂ ತಪಾಸಣೆಗೆ ಬಂದರೆ ಸೂಪರ್‌ವೈಸರ್ ಗೇಟಿನಿಂದಲೇ ಸೀಟಿ ಊದುವನು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಏಳೂ ಸರಳು ಕೆಳಗಿಳಿಯುತ್ತಿದ್ದವು. ಬಂದವರು ನೋಡಿ, ತಲೆಯಾಡಿಸಿ, ಹೋಗುತ್ತಿದ್ದರು. ಅವರ ಬೆನ್ನು ಮರೆಯಾದ ಮೇಲೆ ಮತ್ತೆ ಗಂಟು.

ಬೆಳಿಗ್ಗೆ ಮೊದಲು ಬಂದವರು ಕಟ್ಟುವುದು ರೂಢಿ. ಆ ಮಂಗಳವಾರ ಮೊದಲು ಬಂದದ್ದು ದೊಡ್ಡವಳು. ಕಟ್ಟಿದ್ದೂ ಅವಳೇ. ಇದನ್ನು ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಂಚು ಹರಿದ ಶೀಟೊಂದು ಬಂತು. ಚಿಕ್ಕವಳ ಬೆರಳು ಆ ಹರುಕಿಗೆ ಸಿಕ್ಕಿಕೊಂಡು ಶೀಟಿನ ಜೊತೆಗೇ ಒಳಗೆ ಹೋಯಿತು. ಚೀರಿದಳು. ದೊಡ್ಡವಳು ಒಂದು ಕೈಯಲ್ಲಿ ಅವಳ ಸೊಂಟ ತಬ್ಬಿ ಹಿಂದಕ್ಕೆ ಎಳೆದಳು. ಇನ್ನೊಂದು ಕೈಯನ್ನು ರೋಲರ್‌ನ ಆಚೆ ಬದಿಗೆ ಚಾಚಿದಳು. ಕೆಂಪು ಗುಂಡಿ ಇದ್ದದ್ದು ಆ ಕಡೆ. ಚಾಚಿದ ತೋಳು ಕಾದ ಕಬ್ಬಿಣದ ಮೇಲೆ ಒರಗಿತು. ಗುಂಡಿ ಸಿಗುವವರೆಗೂ ತೆಗೆಯಲಿಲ್ಲ.

ಚಿಕ್ಕವಳಿಗೆ ಆಂಬುಲೆನ್ಸ್ ಬಂತು. ದೊಡ್ಡವಳನ್ನು ಸೂಪರ್‌ವೈಸರ್ ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಮುಲಾಮು ಹಚ್ಚಿಸಿದ. ಡಾಕ್ಟರ ಚೀಟಿಯಲ್ಲಿ ಏನು ಬರೆಯಬೇಕೋ ಅದನ್ನೂ ಅವನೇ ಹೇಳಿ ಬರೆಸಿದ. ಮೂರನೆಯ ದಿನ ಕೆಲಸಕ್ಕೆ ಬಾ ಎಂದ. ಬಂದಳು.

ಈಗ ಈ ಬುಧವಾರ ಸಂಜೆ ಮನೆಗೆ ಬಂದರೆ ಬೀದಿಯೆಲ್ಲ ಒಂದೇ ಸುದ್ದಿ. ಚಿಕ್ಕವಳನ್ನು ಕರೆದುಕೊಂಡು ಹೋಗಲು ಲಾಂಡ್ರಿಯಿಂದ ಕಾರು ಬಂದಿತ್ತಂತೆ. ಮ್ಯಾನೇಜರ್ ಕಾರು. ಅದೂ ಏಸಿ ಕಾರು.

"ವಕೀಲರ ಹತ್ರ ಕರೆದುಕೊಂಡು ಹೋದ್ರು ಅಕ್ಕಾ," ಎಂದಳು ಚಿಕ್ಕವಳು. "ಕುರ್ಚಿ ಹಾಕಿ ಕೂರಿಸಿದ್ರು. ಫ್ಯಾನು ನನ್ನ ಕಡೆ ತಿರುಗಿಸಿದ್ರು. ಎಲ್ಲಾ ನಾವು ನೋಡಿಕೊಳ್ತೀವಿ, ಸೋಮವಾರ ಬಂದು ಒಂದು ಸಹಿ ಹಾಕಿ ಸಾಕು ಅಂದ್ರು."

"ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?"

ಚಿಕ್ಕವಳು ಬ್ಯಾಂಡೇಜಿನ ಕಡೆ ನೋಡಿದಳು. "ಇಲ್ಲ ಅಕ್ಕಾ. ನಿನ್ನ ಮಾತೇ ಬರಲಿಲ್ಲ."

ಬರುವುದಾದರೂ ಹೇಗೆ? ಹತ್ತನೇ ಕ್ಲಾಸು ಓದಿದವಳು ಅವಳು. ಗಂಡ ಇರುವವಳು ಅವಳು. ಅತ್ತೆಯ ಬಾಯಲ್ಲಿ ಕೂಸು ಅನ್ನಿಸಿಕೊಳ್ಳುವವಳು ಅವಳು. ಈಗ ಕಾರೂ ಅವಳಿಗೆ, ವಕೀಲನೂ ಅವಳಿಗೆ. ಎಳೆದು ಬದುಕಿಸಿದವಳಿಗೆ ಹಳೆ ಬೈಕಿನ ಹಿಂದಿನ ಸೀಟು.

ಗುರುವಾರ ಕೆಲಸ ಮುಗಿದ ಮೇಲೆ ಅವಳು ತಾನೇ ಆಫೀಸಿನ ಮೆಟ್ಟಿಲು ಹತ್ತಿದಳು. ವಕೀಲ ಎನ್ನುವವನು ಕೂತಿದ್ದದ್ದು ಮ್ಯಾನೇಜರ್ ಕೋಣೆಯ ಮಗ್ಗುಲ ಕೋಣೆಯಲ್ಲಿ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕರಿಕೋಟು ಎನ್ನುತ್ತಿದ್ದರು. ಕೋಟು ಇದೆಯಲ್ಲ, ವಕೀಲನಾಗಲು ಇನ್ನೇನು ಬೇಕು ಎಂದುಕೊಂಡಿದ್ದರು ಎಲ್ಲರೂ.

"ನನ್ನದೂ ಒಂದು ಕೇಸು ಹಾಕಿ ಸಾರ್. ನನಗೂ ಸುಟ್ಟಿದೆ."

ಅವನು ತಲೆಯೆತ್ತಲಿಲ್ಲ. "ಕೈಕಾಲು ನೆಟ್ಟಗಿದೆಯಲ್ಲ? ಹೋಗು, ಹೋಗು. ದಿನಾ ಒಬ್ಬೊಬ್ಬಳು ಬರ್ತೀರ."

"ಅವಳನ್ನ ಎಳೆದವಳು ನಾನೇ. ಅವಳ ಓರಗಿತ್ತಿ."

ಅವನ ಪೆನ್ನು ನಿಂತಿತು. "ಒಂದೇ ರೋಲರ್ ಏನು ನಿಮ್ಮಿಬ್ಬರದೂ? ಬನ್ನಿ ಅಮ್ಮಾ, ಕೂತ್ಕೊಳ್ಳಿ."

ಕುರ್ಚಿ ಬಂತು. ಫ್ಯಾನು ತಿರುಗಿತು. ದೊಡ್ಡವಳು ಕೂತಳು. ಸುಖವಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಬೆಳಿಗ್ಗೆಯಿಂದ ನಿಂತ ಕಾಲು ಹಗುರಾಯಿತು.

ಅವನು ಒಂದು ಕಾಗದ ಮುಂದಿಟ್ಟ. ದೊಡ್ಡವಳು ಅಕ್ಷರ ಅಕ್ಷರ ಕೂಡಿಸಿ ಓದುವವಳು. ಅವಳಿಗೆ ಓದಲು ಬಿಡದೆ ಅವನೇ ಹೇಳಿದ. "ಸರಳನ್ನ ನಿಮ್ಮ ಓರಗಿತ್ತಿ ತಾನೇ ಕಟ್ಟಿದ್ದು, ತನ್ನ ತಪ್ಪಿನಿಂದಲೇ ಹೀಗಾಯ್ತು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಸೋಮವಾರ ಸಹಿ ಹಾಕ್ತಾರೆ. ನೀವು ಸಾಕ್ಷಿ ಅಷ್ಟೇ. ಆಮೇಲೆ ನಿಮ್ಮನ್ನ ಮಡಿಸೋ ಟೇಬಲ್ಲಿಗೆ ಹಾಕಿಸ್ತೀನಿ. ಕೂತು ಮಾಡೋ ಕೆಲಸ. ತೋಳಿಗೆ ಒಳ್ಳೆ ಡಾಕ್ಟರು."

"ಅವಳೇ ಒಪ್ಪಿಕೊಂಡಳಾ?"

"ಮತ್ತೆ? ಯಾರಾದ್ರೂ ಒಬ್ಬರು ಕಟ್ಟಿರಬೇಕಲ್ಲ. ಅವರಲ್ಲ ಅಂದ್ರೆ ಇನ್ಯಾರು ಅಂತ ಹುಡುಕಬೇಕಾಗುತ್ತೆ. ಸಿಕ್ಕವರ ಕೆಲಸವೂ ಹೋಗುತ್ತೆ, ಪೊಲೀಸೂ ಬರುತ್ತೆ." ಅವನು ಅವಳ ಮುಖವನ್ನೇ ನೋಡುತ್ತಿದ್ದ.

ಸೋಮವಾರ ಹಾಕುತ್ತೇನೆ ಎಂದು ಹೇಳಿ ಎದ್ದು ಬಂದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಕಟ್ಟದವಳು ಕಟ್ಟಿದೆ ಎಂದು ಯಾಕೆ ಒಪ್ಪಿಕೊಂಡಳು? ಏನೋ ದೊಡ್ಡದು ಕೊಡುತ್ತೇವೆ ಎಂದಿರಬೇಕು. ನನಗೆ ಬರೀ ಟೇಬಲ್ಲು, ಅವಳಿಗೆ ಅದಕ್ಕಿಂತ ದೊಡ್ಡದು. ಬಾಯಿ ಬಿಡದೆ ಒಳಗೊಳಗೇ ಗಿಟ್ಟಿಸಿಕೊಂಡಿದ್ದಾಳೆ ಚಾಲಾಕಿ. ಹೊಟ್ಟೆಕಿಚ್ಚಿನ ಕಣ್ಣಿಗೆ ಹಾಗೇ ಕಾಣಿಸಿತು.

ಶುಕ್ರವಾರ ಅರ್ಧ ದಿನ ರಜ ಕೇಳಿ, ಬೈಸಿಕೊಂಡು, ಗಾಯದ ಬ್ಯಾಂಡೇಜು ಬದಲಿಸಲು ಸರ್ಕಾರಿ ಆಸ್ಪತ್ರೆಗೆ ಹೋದಳು. ನರ್ಸಮ್ಮ ಚೀಟಿ ಓದಿ ಹುಬ್ಬು ಗಂಟಿಕ್ಕಿದಳು.

"ಮನೇಲಿ ಬಿಸಿನೀರು ಚೆಲ್ಲಿಕೊಂಡ್ರಾ? ಬಿಸಿನೀರಿನ ಗಾಯ ಹೀಗಿರಲ್ಲ."

"ಬಿಸಿನೀರಾ? ಲಾಂಡ್ರಿ ರೋಲರ್ ಮೇಲೆ ಬಿದ್ದಿದ್ದು."

"ಇಲ್ಲಿ ಬಿಸಿನೀರು ಅಂತ ಬರೆಸಿದ್ದಾರೆ. ಮನೇಲಿ ಅಂತ."

ಕಣ್ಣಿಗೆ ಬೀಳದ ಗಾಯ ಈಗ ಕಾಗದದ ಮೇಲೂ ಇಲ್ಲ. ನರ್ಸಮ್ಮ ಹಳೆ ಬ್ಯಾಂಡೇಜನ್ನು ಒದ್ದೆ ಮಾಡಿ ಬಿಡಿಸುತ್ತಾ ಮೆಲ್ಲಗೆ ಹೇಳಿದಳು. "ವಕೀಲರಿಗೆ ತೋರಿಸಿ. ಕಂಪನಿಯೋರು ತೋರಿಸಿದ ವಕೀಲ ಅಲ್ಲ. ಕೋರ್ಟಿನ ಎದುರು ಸೈಕಲ್ ಅಂಗಡಿ ಮೇಲೆ ಒಬ್ಬರು ಮೇಡಂ ಇದ್ದಾರೆ. ಹೀಗೆ ಏಟು ಬಿದ್ದವರ ಕೇಸೇ ಮಾಡೋದು."

ಆಗ ದೊಡ್ಡವಳು ಹೊರಟದ್ದು ನ್ಯಾಯ ಕೇಳಲು ಎಂದು ಯಾರೂ ತಿಳಿಯಬೇಡಿ. ಚಿಕ್ಕವಳಿಗೆ ಒಬ್ಬ ವಕೀಲ ಇದ್ದಾನೆ, ನನಗೂ ಒಬ್ಬರು ಬೇಕು. ಆದರೆ ಅವಳದಕ್ಕಿಂತ ಒಂದು ಕೈ ಮೇಲಿರಬೇಕು. ಅವಳು ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿದ್ದು ಇಷ್ಟಕ್ಕೇ.

ಅಲ್ಲಿ ಕಾರೂ ಇರಲಿಲ್ಲ, ಫ್ಯಾನೂ ತಿರುಗುತ್ತಿರಲಿಲ್ಲ. ಬೆಂಚಿನ ಮೇಲೆ ಎರಡು ಗಂಟೆ ಕಾದಳು. ವಕೀಲಮ್ಮ ನಡುವಯಸ್ಸಿನವಳು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದಳು. ಚೀಟಿ ಓದಿದಳು. ಬಾಗಿಲು ಹಾಕಿ "ಗಾಯ ತೋರಿಸಿ" ಎಂದಳು. ಬಗ್ಗಿ ನೋಡಿದಳು. ಉದ್ದ ಎಷ್ಟು, ಅಗಲ ಎಷ್ಟು, ತೋಳು ಎಲ್ಲಿಯವರೆಗೆ ಏಳುತ್ತದೆ, ಎಲ್ಲವನ್ನೂ ಬರೆದುಕೊಂಡಳು. ಹತ್ತು ದಿನದಲ್ಲಿ ಅದನ್ನು ಹಾಗೆ ನೋಡಿದವರು ಇನ್ನೊಬ್ಬರಿರಲಿಲ್ಲ. ದೊಡ್ಡವಳಿಗೆ ಅಳು ಬಂತು. ಜೊತೆಗೆ ಖುಷಿಯೂ ಆಯಿತು. ಇವಳು ನನ್ನ ವಕೀಲಮ್ಮ, ಇವಳಲ್ಲಿ ಚಿಕ್ಕವಳಿಗೆ ಪಾಲಿಲ್ಲ.

"ಸರಳು ಕಟ್ಟಿದ್ದು ಯಾರು?" ವಕೀಲಮ್ಮ ಕೇಳಿದಳು.

"ಅವಳೇ. ನನ್ನ ಓರಗಿತ್ತಿ."

ವಕೀಲಮ್ಮ ಪೆನ್ನು ಮುಚ್ಚಿದಳು. "ನೋಡಿ ಅಮ್ಮಾ. ನನಗೆ ಹೇಳಿದ್ದು ನಿಮ್ಮನ್ನ ಕೇಳದೆ ಈ ಕೋಣೆ ದಾಟಲ್ಲ. ಆದ್ರೆ ನನಗೇ ಸುಳ್ಳು ಹೇಳಿದ್ರೆ ನಾನು ನಿಮಗೆ ಯಾವ ಕೆಲಸಕ್ಕೂ ಬರಲ್ಲ."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಪರೀಕ್ಷೆ ಮಾಡುತ್ತಿದ್ದರು.

"ನಾನೇ ಮೇಡಂ. ನಾನೇ ಕಟ್ಟಿದ್ದು."

"ಯಾರು ಕಟ್ಟೋಕೆ ಹೇಳಿದ್ದು?"

"ಸೂಪರ್‌ವೈಸರ್. ಎಲ್ಲಾರೂ ಕಟ್ತಾರೆ. ತಪಾಸಣೆಗೆ ಬಂದ್ರೆ ಅವನೇ ಸೀಟಿ ಊದಿ ಬಿಚ್ಚಿಸ್ತಾನೆ."

"ಸೀಟಿ ಊದ್ತಾನಾ?" ವಕೀಲಮ್ಮ ಮತ್ತೆ ಪೆನ್ನು ತೆಗೆದಳು. "ಎಷ್ಟು ಜನ ಕೇಳಿಸಿಕೊಂಡಿದ್ದಾರೆ?"

"ರೋಲರ್ ಹತ್ರ ಇರೋರೆಲ್ಲ. ಮೂವತ್ತು ಜನ ಆಗಬಹುದು."

"ಹಾಗಾದ್ರೆ ಕಂಪನಿಯೋರಿಗೆ ಗೊತ್ತಿತ್ತು ಅಂತ ಆಯ್ತು. ಕಟ್ಟಿಸಿದವರ ತಪ್ಪನ್ನ ಕಟ್ಟಿದವರ ತಲೆಗೆ ಕಟ್ಟೋಕೆ ನೋಡ್ತಿದ್ದಾರೆ." ಆಮೇಲೆ ಕರಿಕೋಟಿನ ವಿಷಯ ಕೇಳಿದಳು. "ನಾನು ನೋಡದವರ ಬಗ್ಗೆ ಮಾತಾಡಲ್ಲ. ನೀವು ಅವರನ್ನ ಎರಡೇ ಮಾತು ಕೇಳಿ. ನಿಮ್ಮ ಸನ್ನದು ನಂಬರ್ ಏನು ಅಂತ. ವಕೀಲಿ ಮಾಡೋರೆಲ್ಲರಿಗೂ ಅದು ಇರುತ್ತೆ. ಮತ್ತೆ ನೀವು ಯಾರ ಪರ ಅಂತ. ಕಾಗದ ಕೊಟ್ಟರೆ ಹರೀಬೇಡಿ, ತಗೊಂಡು ಬನ್ನಿ."

"ನನಗೆ ಕೆಲಸ ಹೋಗಲ್ಲ ತಾನೆ?"

"ಹೋಗಬಹುದು. ಹೋಗಲ್ಲ ಅಂತ ಸುಳ್ಳು ಧೈರ್ಯ ಕೊಡಲ್ಲ. ಹೋದ್ರೆ ಅದಕ್ಕೂ ಕೇಸು ಹಾಕೋಣ. ಗೆದ್ದೇ ಗೆಲ್ತೀವಿ ಅಂತಲೂ ಹೇಳಲ್ಲ." ಅವಳು ಕನ್ನಡಕ ತೆಗೆದಳು. "ಆದ್ರೆ ನಿಮ್ಮ ಓರಗಿತ್ತಿ ಸೋಮವಾರ ಸಹಿ ಹಾಕಿದ್ರೆ ಅವರ ಕೇಸು ಬಹಳ ಕಷ್ಟ. ಹಾಕಬೇಡ ಅಂತ ಅವರಿಗೆ ಹೇಳಿ. ಇಲ್ಲಿಗೇ ಕರೆದುಕೊಂಡು ಬನ್ನಿ. ಕಟ್ಟಿದ್ದು ನೀವು ಅಂತ ಗೊತ್ತಾದ ಮೇಲೂ ನಿಮ್ಮ ಜೊತೆ ಬರ್ತೀನಿ ಅಂದ್ರೆ ಇಬ್ಬರದೂ ನಾನೇ ನೋಡ್ತೀನಿ. ಇಲ್ಲ ಅಂದ್ರೆ ಅವರಿಗೆ ಬೇರೆ ಒಳ್ಳೆ ವಕೀಲರನ್ನ ತೋರಿಸ್ತೀನಿ."

ದೊಡ್ಡವಳ ಮುಖ ಗಂಟಾಯಿತು. ಜೀವಮಾನದಲ್ಲಿ ನನ್ನದು ಅಂತ ಸಿಕ್ಕಿದ್ದು ಒಬ್ಬ ವಕೀಲಮ್ಮ. ಇವಳನ್ನೂ ಅವಳಿಗೆ ಹಂಚಬೇಕೇ?

ಶನಿವಾರ ಹೇಳಲಿಲ್ಲ. ಭಾನುವಾರ ಹೇಳಲಿಲ್ಲ. ಭಾನುವಾರ ಮೈದುನನ ಜಡೆ ಸ್ವಲ್ಪ ನೆಟ್ಟಗೆ ಬಂತು. ಅತ್ತೆ ಚಪ್ಪಾಳೆ ತಟ್ಟಿ ನಕ್ಕಳು. ಹಾಕಲಿ ಸಹಿ, ಹಾಕಿ ಅನುಭವಿಸಲಿ ಎಂದು ದೊಡ್ಡವಳು ಮನಸ್ಸಿನಲ್ಲೇ ಹಲ್ಲು ಕಡಿದಳು. ಸುಮ್ಮನಿದ್ದರೆ ಸಾಕು. ಅವಳೇನೂ ಮಾಡಬೇಕಾಗಿರಲಿಲ್ಲ, ಬರೀ ಸುಮ್ಮನಿರಬೇಕಾಗಿತ್ತು.

ಸೋಮವಾರ ಮಧ್ಯಾಹ್ನ ಇಬ್ಬರನ್ನೂ ಆಫೀಸಿಗೆ ಕರೆಸಿದರು. ಮ್ಯಾನೇಜರ್ ಇದ್ದ, ಕರಿಕೋಟು ಇದ್ದ, ಬಾಗಿಲಿಗೆ ಅಡ್ಡವಾಗಿ ಸೂಪರ್‌ವೈಸರ್ ನಿಂತಿದ್ದ. ಮೇಜಿನ ಮೇಲೆ ಕಾಗದ, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತುವ ಮಸಿ ಡಬ್ಬಿ.

"ನನಗೆ ಸಹಿ ಮಾಡೋಕೆ ಬರುತ್ತೆ," ಎಂದಳು ಚಿಕ್ಕವಳು. "ಎಡಗೈಯಲ್ಲಿ ರೂಢಿ ಮಾಡಿಕೊಳ್ತಿದ್ದೀನಿ. ಪೆನ್ನು ಕೊಡಿ."

"ಅಯ್ಯೋ, ಅದೆಲ್ಲಾ ತಡ ಆಗುತ್ತೆ. ಹೆಬ್ಬೆಟ್ಟು ಸಾಕು," ಎಂದ ಕರಿಕೋಟು. "ಹೂಂ, ಒತ್ತಿಸಯ್ಯ."

ಸೂಪರ್‌ವೈಸರ್ ಬಂದು ಅವಳ ಎಡಗೈ ಹಿಡಿದ. ಹೆಬ್ಬೆರಳನ್ನು ಮಸಿಗೆ ಅದುಮಿದ. ಅವಳು ಒತ್ತಬೇಕೋ ಬೇಡವೋ ಎಂದು ಕೇಳಲೇ ಇಲ್ಲ. ಕೈ ಅವಳದ್ದೇ ಅಲ್ಲವೆಂಬಂತೆ ಎಳೆದ. ಅವಳಿಗೆ ಉಳಿದದ್ದು ಅದೊಂದೇ ಕೈ. ಅವಳು ಕಣ್ಣು ಮುಚ್ಚಿಕೊಂಡಳು.

ಆ ಎಳೆತ ದೊಡ್ಡವಳಿಗೆ ಗೊತ್ತಿತ್ತು. ರೋಲರ್ ಎಳೆದದ್ದೂ ಹಾಗೇ.

"ಬಿಡೋ ಅವಳ ಕೈ!"

ಮೂವರೂ ತಿರುಗಿ ನೋಡಿದರು. ದೊಡ್ಡವಳು ಕರಿಕೋಟಿನ ಕಡೆ ನೋಡಿ ಕೇಳಿದಳು. "ನಿಮ್ಮ ಸನ್ನದು ನಂಬರ್ ಎಷ್ಟು ಸಾರ್?"

"ಏನು?"

"ಸನ್ನದು. ನೀವು ವಕೀಲರು ತಾನೆ? ನಂಬರ್ ಹೇಳಿ. ಮತ್ತೆ ನೀವು ಇವಳ ಪರವೋ, ಈ ಲಾಂಡ್ರಿ ಪರವೋ?"

"ನೀನ್ಯಾವಳೇ ನನ್ನನ್ನ ಕೇಳೋಕೆ?" ಎಂದ. ನಂಬರ್ ಮಾತ್ರ ಹೇಳಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಮ್ಯಾನೇಜರ್ ಮುಖ ನೋಡಿದ.

"ಸರಳು ಕಟ್ಟಿದ್ದು ಇವಳಲ್ಲ. ನಾನು," ಎಂದಳು ದೊಡ್ಡವಳು. "ಕಟ್ಟಿಸಿದ್ದು ಇವನು, ಈ ಸೂಪರ್‌ವೈಸರ್. ಇವನಿಗೆ ಹೇಳಿದ್ದು ನೀವು, ಮ್ಯಾನೇಜರ್ ಸಾರ್. ಸಹಿ ಬೇಕಾದ್ರೆ ಹಾಗಂತ ಬರೀರಿ, ಹಾಕ್ತೀನಿ."

ಮೇಜಿನ ಮೇಲಿನ ಕಾಗದವನ್ನು ತೆಗೆದುಕೊಂಡಳು. ಸೂಪರ್‌ವೈಸರ್ ಅವಳ ತೋಳಿಗೆ ಕೈ ಹಾಕಿದ. ಸುಟ್ಟ ತೋಳು. ಬಟ್ಟೆಯ ಒಳಗೆ ಚರ್ಮ ಕಿತ್ತು ಬಂತು. ದೊಡ್ಡವಳು ಹಲ್ಲು ಕಚ್ಚಿದಳು, ಕಾಗದ ಬಿಡಲಿಲ್ಲ. ಅವನ ಬೆರಳು ಒದ್ದೆಯಾಯಿತು. ಏನೆಂದು ನೋಡಿಕೊಂಡು ಅಸಹ್ಯದಿಂದ ಅವನೇ ಬಿಟ್ಟ.

"ಬಿಸಿನೀರಿನ ಗಾಯ ಅಲ್ವಾ?" ಎಂದಳು. "ಚೆನ್ನಾಗಿ ನೋಡಿಕೋ."

"ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದ ಮ್ಯಾನೇಜರ್.

"ಅದನ್ನೂ ಬರೆದುಕೊಡಿ."

ಚಿಕ್ಕವಳ ಸೊಂಟ ಬಳಸಿ ಮೆಟ್ಟಿಲು ಇಳಿದಳು. ಗೇಟಿಗೆ ಹೋಗಲು ರೋಲರ್‌ಗಳ ನಡುವೆಯೇ ಹೋಗಬೇಕು. ಮೇಲಿನ ಕೂಗಾಟ ಎಲ್ಲರಿಗೂ ಕೇಳಿಸಿತ್ತು. ಶೀಟು ಹಿಡಿದ ಕೈಗಳು ಹಾಗೇ ನಿಂತಿದ್ದವು. ದೊಡ್ಡವಳಿಗೆ ಭಾಷಣ ಬಾರದು.

"ಸೀಟಿ ಊದಿದ್ದು ಕೇಳಿಸಿಕೊಂಡೋರು ಯಾರಾದ್ರೂ ಇದ್ರೆ ಹೇಳಿ. ನನ್ನ ವಕೀಲಮ್ಮ ಬರ್ಕೋತಾಳೆ," ಎಂದಳು ಅಷ್ಟೇ.

ಕೊನೆಯ ರೋಲರ್‌ನ ಮುದುಕಿ ಮೂಗು ಒರೆಸಿಕೊಂಡು, ಕೈ ಚಾಚಿ ಗಂಟು ಎಳೆದಳು. ಸರಳು ಕೆಳಗೆ ಬಿದ್ದು ಶೀಟಿನ ಮಡಿಕೆಗೆ ತಾಕಿತು, ರೋಲರ್ ನಿಂತಿತು. ಅದರ ಪಕ್ಕದವಳೂ ಎಳೆದಳು. ಉಳಿದವರು ಎಳೆದರೋ ಇಲ್ಲವೋ ನೋಡಲು ಓರಗಿತ್ತಿಯರು ನಿಲ್ಲಲಿಲ್ಲ.

ಬೀದಿಯಲ್ಲಿ ಸ್ವಲ್ಪ ದೂರ ನಡೆದ ಮೇಲೆ ದೊಡ್ಡವಳು ಹೇಳಿದಳು. "ಬೈಯೋದಿದ್ರೆ ಬೈದುಬಿಡು. ಆ ದಿನ ಕಟ್ಟಿದ್ದು ನಾನೇ."

"ಗೊತ್ತು."

"ಗೊತ್ತಾ?"

"ನಾನು ಬರೋ ಹೊತ್ತಿಗೆ ಕಟ್ಟಿತ್ತು. ಇನ್ಯಾರು ಕಟ್ತಾರೆ ಅಕ್ಕಾ? ನೀನು ತಡವಾಗಿ ಬಂದ ದಿನ ನಾನು ಕಟ್ತಿರಲಿಲ್ವಾ?" ಚಿಕ್ಕವಳು ಮಸಿ ಹತ್ತಿದ ಹೆಬ್ಬೆರಳನ್ನು ಗೋಡೆಗೆ ಉಜ್ಜುತ್ತಿದ್ದಳು. "ಅವತ್ತು ಕಾರಲ್ಲಿ ಕರೆದುಕೊಂಡು ಹೋಗಿದ್ದೂ ಅದಕ್ಕೇ. ಓರಗಿತ್ತಿ ಹೆಸರು ಹೇಳು, ಅವಳೇ ಕಟ್ಟಿದ್ದು ಅನ್ನು, ನಿನಗೆ ಏನು ಬೇಕೋ ಕೊಡ್ತೀವಿ ಅಂದ್ರು. ಮೂರು ಸಲ ಕೇಳಿದ್ರು."

"ನೀನೇನಂದೆ?"

"ನಾನೇ ಕಟ್ಟಿದ್ದು ಅಂದೆ. ನನ್ನ ಕೈಯಂತೂ ಹೋಯ್ತು. ನಿನ್ನ ಕೆಲಸನೂ ಹೋದ್ರೆ ಮನೇಲಿ ಎಲ್ಲಾರೂ ಏನು ತಿನ್ನೋದು?"

ದೊಡ್ಡವಳು ನಡುಬೀದಿಯಲ್ಲಿ ನಿಂತುಬಿಟ್ಟಳು. ಎದುರಿನಿಂದ ಬಂದ ಗಾಡಿಯವನು ಬೈದು ಪಕ್ಕದಿಂದ ಹೋದ. ಅವಳಿಗೆ ನಾಚಿಕೆಯಾಯಿತು. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸುವಷ್ಟು ನಾಚಿಕೆ. ಇಲ್ಲ ಎನ್ನಲು ಅವಳಿಗೆ ಒಬ್ಬ ನರ್ಸಮ್ಮ ಬೇಕಾಯಿತು, ಒಬ್ಬ ವಕೀಲಮ್ಮ ಬೇಕಾಯಿತು, ಆ ಹೆಬ್ಬೆರಳನ್ನು ಮಸಿಗೆ ಅದುಮುವುದನ್ನು ಕಣ್ಣಾರೆ ನೋಡಬೇಕಾಯಿತು. ಇವಳು ಐದು ದಿನ ಮೊದಲೇ, ಒಬ್ಬಳೇ, ಯಾರ ಸಲಹೆಯೂ ಇಲ್ಲದೆ, ಅವರಿಗೆ ಇಲ್ಲ ಎಂದು ಹೇಳಿ ಬಂದಿದ್ದಳು. ಬಂದು ಫ್ಯಾನಿನ ಕಥೆ ಹೇಳಿ ನಕ್ಕಿದ್ದಳು.

"ನಡಿ ಅಕ್ಕಾ, ಯಾಕೆ ನಿಂತೆ? ಆ ನಿನ್ನ ವಕೀಲಮ್ಮ ಎಲ್ಲಿದ್ದಾಳೆ ತೋರಿಸು."

"ನಮ್ಮ ವಕೀಲಮ್ಮ," ಎಂದಳು ದೊಡ್ಡವಳು. ಕೋರ್ಟಿನ ಕಡೆ ತಿರುಗಿದಳು. ನಾಚಿಕೆ ಇನ್ನೂ ಇಳಿದಿರಲಿಲ್ಲ, ಅದರ ಅಡಿಯಿಂದಲೇ ಹಳೆಯ ಉರಿ ಮತ್ತೆ ಎದ್ದಿತು. ಇದರಲ್ಲೂ ಇವಳೇ ಮೊದಲು.